ಟ್ರೇಲರ್ ಎಳೆಯಲು ಹಳೆ ಟ್ರಾಕ್ಟರ್: ಕೊಳ್ಳುವ ಮೊದಲು ಏನು ನೋಡಬೇಕು?

ಹೆಬ್ಬಗೋಡಿಯಲ್ಲಿ ಈಗ ‘ನಾನು ರೈತ’ ಅಂದರೆ ಜನ ಒಂದು ಥರಾ ನೋಡ್ತಾರೆ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರದ ಕಾರ್ಖಾನೆಗಳು. 2025ರ ಆಗಸ್ಟಿನಿಂದ ಹೊಸೂರು ರೋಡಿನ ನೆತ್ತಿ ಮೇಲೆ ಮೆಟ್ರೊ ಬೇರೆ ಓಡುತ್ತಿದೆ. ಇವುಗಳ ನಡುವೆ ನಮ್ಮ ಪಾಲಿಗೆ ಉಳಿದಿರುವುದು ಎರಡೂಮುಕ್ಕಾಲು ಎಕರೆ. ಒಂದೂವರೆ ಎಕರೆ ರಾಗಿ, ಉಳಿದದ್ದರಲ್ಲಿ ಗುಲಾಬಿ, ಸೊಪ್ಪು, ಒಂದಿಷ್ಟು ತರಕಾರಿ. ಎರಡು ಹಸು.

ಇಷ್ಟಕ್ಕೆ ಟ್ರಾಕ್ಟರ್ ಯಾಕೆ ಅಂತ ಕೇಳಬಹುದು. ಉಳುಮೆಗಲ್ಲ. ಉಳುಮೆ ವರ್ಷಕ್ಕೆ ನಾಲ್ಕು ದಿನದ ಕೆಲಸ, ಬಾಡಿಗೆಗೆ ಸಾಕು. ನನಗೆ ಬೇಕಾಗಿದ್ದದ್ದು ಟ್ರೇಲರ್ ಎಳೆಯೋಕೆ. ಗೊಬ್ಬರ ದೂರದಿಂದ ತರಬೇಕು, ಕೆರೆ ಗೋಡು ಹೊಡೆಯಬೇಕು, ರಾಗಿ ಹುಲ್ಲು ಸಾಗಿಸಬೇಕು, ಬೇಸಿಗೆಯಲ್ಲಿ ಗಿಡಕ್ಕೆ ಟ್ಯಾಂಕರಿನಲ್ಲಿ ನೀರು ತರಬೇಕು. ಬಾಡಿಗೆ ಟ್ರಾಕ್ಟರಿನವನಿಗೆ ಫೋನ್ ಮಾಡಿದರೆ ‘ನಾಳೆ ಬತ್ತೀನಿ ಕಣಣ್ಣ’ ಅಂತಾನೆ. ಆ ನಾಳೆ ಬರೋದೇ ಇಲ್ಲ. ಕಟ್ಟಡದವರು ದಿನಾ ಕರೀತಾರೆ, ದಿನಾ ದುಡ್ಡು ಕೊಡ್ತಾರೆ. ನಮ್ಮ ಒಂದು ಲೋಡು ಗೊಬ್ಬರಕ್ಕೆ ಅವನು ಯಾಕೆ ಬಂದಾನು?

ಹಾಗಾಗಿ ಎರಡೂವರೆ ಲಕ್ಷದೊಳಗೆ ಒಂದು ಹಳೆ ಟ್ರಾಕ್ಟರ್ ಹುಡುಕಿದೆ. ಮೊದಲನೆಯದರಲ್ಲಿ ಮೋಸ ಹೋದೆ. ಎರಡನೆಯದು ಪರವಾಗಿಲ್ಲ. ನಡುವೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಏರಿ ಮೇಲೆ ಆದದ್ದು

ಮೊದಲ ಟ್ರಾಕ್ಟರನ್ನು ಒಬ್ಬ ಬ್ರೋಕರ್ ತೋರಿಸಿದ. ಹೊಸ ಬಣ್ಣ, ಹೊಸ ಸೀಟು. ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಹಿಡಿಯಿತು, ಹೊಗೆ ಇಲ್ಲ, ಸದ್ದೂ ಚೆನ್ನಾಗಿತ್ತು. ಖಾಲಿ ಟ್ರೇಲರ್ ಕಟ್ಟಿ ಮಟ್ಟಸ ರಸ್ತೆಯಲ್ಲಿ ಒಂದು ಸುತ್ತು ಬಂದೆವು. ಕೊಂಡೆ.

ಎರಡನೇ ತಿಂಗಳು ಪಕ್ಕದ ಊರಿನ ಕೆರೆಯಲ್ಲಿ ಗೋಡು ತುಂಬಿದೆವು. ಕೆರೆ ಅಂಗಳದಿಂದ ಏರಿ ಹತ್ತಿತು, ಏನೂ ತೊಂದರೆ ಇಲ್ಲ. ಏರಿಯ ಆಚೆ ಬದಿ ಇಳಿಯುವಾಗ ಗೇರ್ ತಾನಾಗಿ ಬಿಟ್ಟುಕೊಂಡು ನ್ಯೂಟ್ರಲ್‌ಗೆ ಬಂತು. ಬ್ರೇಕ್ ಒತ್ತಿದೆ. ಎಡಗಾಲಿ ಹಿಡಿಯಿತು, ಬಲಗಾಲಿ ಹಿಡಿಯಲಿಲ್ಲ. ಟ್ರಾಕ್ಟರ್ ಎಡಕ್ಕೆ ತಿರುಗಿತು, ಟ್ರೇಲರ್ ಹಿಂದಿನಿಂದ ತಳ್ಳಿ ಚಾಕು ಮಡಚಿದ ಹಾಗೆ ಪಕ್ಕಕ್ಕೆ ಮಡಚಿಕೊಂಡಿತು. ಒಂದು ಹೊಂಗೆ ಮರ ಅಡ್ಡ ಸಿಕ್ಕಿದ್ದರಿಂದ ಉರುಳಲಿಲ್ಲ.

ಮಡ್‌ಗಾರ್ಡ್ ಮೇಲೆ ನನ್ನ ಅಕ್ಕನ ಮಗ ಕೂತಿದ್ದ. ಹೆದರಿ ಹಾರಿದ, ಕಾಲು ಮುರಿಯಿತು. ಅವನದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ಮೂರು ತಿಂಗಳು ಮನೆಯಲ್ಲಿ ಕೂತ ಮೇಲೆ ಆ ಕೆಲಸ ಉಳೀಲಿಲ್ಲ. ಟ್ರಾಕ್ಟರಿಗೆ ಇರೋದು ಒಂದೇ ಸೀಟು. ಮಡ್‌ಗಾರ್ಡ್ ಮೇಲೆ ಕೂತವರಿಗೆ ವಿಮೆ ಬರೋದಿಲ್ಲ ಅನ್ನೋದು ನನಗೆ ಆವತ್ತು ಗೊತ್ತಾಯಿತು. ಆಸ್ಪತ್ರೆ ಖರ್ಚು ನಾನು ಕೊಟ್ಟೆ. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಚಂದಾಪುರದ ಹತ್ತಿರದ ಒಬ್ಬ ಹಿರಿಯ ಮೆಕ್ಯಾನಿಕ್ ಗಾಡಿ ಬಿಚ್ಚಿ ತೋರಿಸಿದರು. ಬಲಗಡೆ ಆಕ್ಸಲ್ಲಿನ ಆಯಿಲ್ ಸೀಲು ಹೋಗಿ ಬ್ರೇಕ್ ಲೈನಿಂಗಿಗೆಲ್ಲ ಎಣ್ಣೆ ಇಳಿದಿತ್ತು. ‘ನೀವು ಎಂಜಿನ್ ನೋಡಿ ತಗೊಂಡ್ರಿ. ಎಳೆಯೋ ಗಾಡೀಲಿ ಎಂಜಿನ್ ಕೊನೇಗೆ ನೋಡಬೇಕು ಯಜಮಾನ್ರೆ’ ಅಂದರು.

ಮೊದಲು ತೂಕದ ಲೆಕ್ಕ

ಹಾರ್ಸ್‌ಪವರ್ ಕೇಳುವ ಮುಂಚೆ ನಿಮ್ಮ ಹೊರೆ ಎಷ್ಟು ಭಾರ ಅಂತ ಲೆಕ್ಕ ಹಾಕಿ. ನಮ್ಮ ಕಡೆಯ ಸಾಮಾನ್ಯ ಟ್ರೇಲರ್ ಹತ್ತಡಿ ಉದ್ದ, ಆರಡಿ ಅಗಲ. ಎರಡಡಿ ಎತ್ತರಕ್ಕೆ ತುಂಬಿದರೆ 120 ಘನ ಅಡಿ. ಒಣಗಿದ ತಿಪ್ಪೆ ಗೊಬ್ಬರವಾದರೆ ಎರಡು ಟನ್ ಆಸುಪಾಸು. ಅದೇ ಟ್ರೇಲರಿಗೆ ಹಸಿ ಗೋಡು ತುಂಬಿದರೆ ಐದು ಟನ್ ದಾಟುತ್ತದೆ. ನೀರಿನ ಲೆಕ್ಕ ಸುಲಭ, ಲೀಟರಿಗೆ ಒಂದು ಕಿಲೋ. 4,000 ಲೀಟರಿನ ಟ್ಯಾಂಕರಿನಲ್ಲಿ ನೀರೇ ನಾಲ್ಕು ಟನ್. ಇವಕ್ಕೆಲ್ಲ ಟ್ರೇಲರಿನ ಸ್ವಂತ ತೂಕ ಒಂದು ಟನ್ನಿನಷ್ಟು ಸೇರಿಸಿ.

ಈಗ ಮುಂದಿನ ಗಾಡಿ ನೋಡಿ. 30ರಿಂದ 40 ಹಾರ್ಸ್‌ಪವರಿನ ಮಹೀಂದ್ರ 265, ಮ್ಯಾಸ್ಸಿ 1035 ಇಂಥವು ಸುಮಾರು 1,700ರಿಂದ 1,900 ಕಿಲೋ ತೂಗುತ್ತವೆ. ಅಂದರೆ ಗೋಡಿನ ಲೋಡು ಟ್ರಾಕ್ಟರಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ನಮ್ಮ ಕಡೆಯ ಬಹುಪಾಲು ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಎಲ್ಲವನ್ನೂ ಟ್ರಾಕ್ಟರಿನ ಎರಡು ಹಿಂಗಾಲಿಗಳೇ ನಿಲ್ಲಿಸಬೇಕು.

ಇಳಿಜಾರಿನಲ್ಲಿ ಇದು ಇನ್ನೂ ಸ್ಪಷ್ಟ. ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ಆರೂವರೆ ಟನ್ನಿನ ಹೊರೆ ಹತ್ತುವಾಗ ಸುಮಾರು 650 ಕಿಲೋದಷ್ಟು ಹಿಂದಕ್ಕೆ ಜಗ್ಗುತ್ತದೆ. ಇಳಿಯುವಾಗ ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಹತ್ತುವಾಗ ಶಕ್ತಿ ಸಾಲದಿದ್ದರೆ ಗಾಡಿ ನಿಂತುಬಿಡುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕ್ ಸಾಲದಿದ್ದರೆ ನಿಲ್ಲೋದಿಲ್ಲ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ ಎಂಬುದೂ ನೆನಪಿರಲಿ. ಹೊರದೇಶಗಳಲ್ಲಿ ಸ್ವಂತ ದೋಣಿಯನ್ನು ಟ್ರೇಲರ್ ಮೇಲಿಟ್ಟು ಕೆರೆಗೆ ಎಳೆದೊಯ್ಯುವವರಿದ್ದಾರೆ. ಹಳೆ ಗಾಡಿ ಕೊಳ್ಳುವಾಗ ಅವರು ಹಾಕೋದೂ ಇದೇ ಲೆಕ್ಕ. ನೀರಿನ ದಡದ ಜಾರು ಇಳಿಜಾರಿನಲ್ಲಿ ಅವರ ದೋಣಿಗೂ ನಮ್ಮ ಗೋಡಿಗೂ ವ್ಯತ್ಯಾಸ ಇಲ್ಲ.

ಅದಕ್ಕೇ ಸಣ್ಣ ಟ್ರಾಕ್ಟರುಗಳ ವಿಷಯದಲ್ಲಿ ಜಾಗ್ರತೆ. 18 ಹಾರ್ಸ್‌ಪವರಿನ ಮಿತ್ಸುಬಿಷಿ ಶಕ್ತಿ ಗುಲಾಬಿ ಸಾಲಿನ ಮಧ್ಯೆ ಓಡಾಡಲು ಬಹಳ ಅನುಕೂಲ. ಆದರೆ ಅದರ ತೂಕ ಒಂದು ಟನ್ನಿಗಿಂತ ಕಡಿಮೆ. ದೊಡ್ಡ ಟ್ರೇಲರ್ ಕಟ್ಟಿದರೆ ಯಾರು ಯಾರನ್ನು ಎಳೀತಾರೋ ಹೇಳಲಾಗದು.

ಬ್ರೇಕ್, ಗೇರ್, ಕ್ಲಚ್

ಟ್ರಾಕ್ಟರಿಗೆ ಎರಡು ಬ್ರೇಕ್ ಪೆಡಲ್. ಹೊಲದಲ್ಲಿ ತಿರುಗಿಸಲು ಬೇರೆ ಬೇರೆ, ರಸ್ತೆಯಲ್ಲಿ ಎರಡನ್ನೂ ಚಿಲಕ ಹಾಕಿ ಜೋಡಿಸಬೇಕು. ಹಳೆ ಗಾಡಿಗಳಲ್ಲಿ ಆ ಚಿಲಕವೇ ಇರೋದಿಲ್ಲ. ಇಲ್ಲದಿದ್ದರೆ ಹಾಕಿಸಿ, ನೂರಿನ್ನೂರು ರೂಪಾಯಿ ನೋಡಬೇಡಿ. ಪರೀಕ್ಷೆ ಹೀಗೆ: ಖಾಲಿ ಜಾಗದಲ್ಲಿ, ಟ್ರೇಲರ್ ಇಲ್ಲದೆ, ಸ್ವಲ್ಪ ವೇಗದಲ್ಲಿ ಹೋಗಿ ಎರಡೂ ಪೆಡಲ್ ಒಟ್ಟಿಗೆ ಒತ್ತಿ. ನೆಟ್ಟಗೆ ನಿಲ್ಲಬೇಕು. ಒಂದು ಕಡೆಗೆ ಎಳೆದರೆ ಇನ್ನೊಂದು ಕಡೆ ಬ್ರೇಕ್ ಕೆಟ್ಟಿದೆ. ಆಮೇಲೆ ಹಿಂದಿನ ಚಕ್ರಗಳ ಒಳಮೈಗೆ ಕೈ ಹಾಕಿ ನೋಡಿ. ಎಣ್ಣೆ ಜಿಗುಟು ಇದ್ದರೆ ಸೀಲು ಹೋಗಿದೆ. ನಾನು ಇಷ್ಟು ನೋಡಿದ್ದರೆ ಹುಡುಗನ ಕಾಲು ಉಳಿಯುತ್ತಿತ್ತು.

ಗೇರ್ ಬಿಟ್ಟುಕೊಳ್ಳುತ್ತದೆಯೇ ಅಂತ ಮಟ್ಟಸ ರಸ್ತೆಯಲ್ಲಿ ಗೊತ್ತಾಗೋದಿಲ್ಲ. ಒಂದು ಇಳಿಜಾರಿಗೆ ಒಯ್ದು ನಿಧಾನವಾಗಿ ಇಳಿಯುತ್ತಾ ಆಕ್ಸಿಲರೇಟರ್ ಬಿಡಿ. ಸನ್ನೆ ಅದುರಿ ಹಾರಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಗೇರ್ ಬಾಕ್ಸಿನ ರಿಪೇರಿ ದುಬಾರಿ.

ಕ್ಲಚ್ಚಿಗೆ ಕೈಬ್ರೇಕ್ ಹಾಕಿ, ಮೇಲಿನ ಗೇರಿನಲ್ಲಿಟ್ಟು ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಒದ್ದಾಡಿ ನಿಂತರೆ ಸರಿ. ಆರಾಮಾಗಿ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ.

ಕೊಕ್ಕೆ ಹೇಳುವ ಜಾತಕ

ಗಾಡಿ ಹಿಂದೆ ಏನು ಕೆಲಸ ಮಾಡಿತ್ತು ಅಂತ ಮಾರುವವನು ಹೇಳೋದಿಲ್ಲ. ಎಲ್ಲರೂ ‘ಬರೀ ಹೊಲದ ಕೆಲಸ ಸಾರ್’ ಅಂತಲೇ ಹೇಳೋದು. ಜಿಗಣಿ ಕಡೆಯ ಕಲ್ಲು, ಹೊಸೂರು ಕಡೆಯ ಇಟ್ಟಿಗೆ, ಇಲ್ಲಿನ ನೀರಿನ ಟ್ಯಾಂಕರು ಎಳೆದ ಗಾಡಿಗಳು ನಮ್ಮ ಸುತ್ತ ಬಹಳ. ಹೊರೆ ಎಳೆದೇ ಸವೆದ ಗಾಡಿಯನ್ನು ಗುರುತಿಸುವುದು ಹೀಗೆ. ಟ್ರೇಲರ್ ಪಿನ್ನು ಕೂರುವ ತೂತು ನೋಡಿ. ದುಂಡಗಿರಬೇಕಾದ್ದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಸುತ್ತ ವೆಲ್ಡಿಂಗ್ ತೇಪೆ ಇದ್ದರೆ, ಅದು ವರ್ಷಗಟ್ಟಲೆ ಭಾರ ಎಳೆದಿದೆ. ಅದೇ ಹೊತ್ತಿಗೆ ನೇಗಿಲು ಕಟ್ಟುವ ಹೈಡ್ರಾಲಿಕ್ ತೋಳಿನ ಗುಂಡುಗಳು ಸವೆಯದೆ ಹೊಸದರ ಹಾಗಿದ್ದರೆ ಅನುಮಾನವೇ ಬೇಡ. ಹಿಂದಿನ ಟೈರಿನ ಪಟ್ಟಿಗಳು ನಡುವೆ ನುಣ್ಣಗೆ ಸವೆದಿದ್ದರೆ ಅದು ಟಾರು ರಸ್ತೆಯ ಗುರುತು. ಗಂಟೆ ಮೀಟರನ್ನಂತೂ ನಾನು ನೋಡೋದೇ ಇಲ್ಲ. ಓಡುವ ಮೀಟರ್ ಇದ್ದ ಹಳೆ ಟ್ರಾಕ್ಟರ್ ನನಗೆ ಇನ್ನೂ ಸಿಕ್ಕಿಲ್ಲ.

ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಲ್ಲಿ ಬಿರುಕು, ತೇಪೆ ಇದೆಯೇ ಅಂತ ಟಾರ್ಚ್ ಬಿಟ್ಟು ನೋಡಿ. ಹೊಸ ಬಣ್ಣ ಬಳಿದ ಗಾಡಿಯಲ್ಲಿ ಅಲ್ಲೇ ಎರಡು ಸಲ ನೋಡಬೇಕು.

ಕಟ್ಟುವ ಜಾಗ ಕೆಳಗಿರಬೇಕು. ಕೆಲವರು ಮೇಲಿನ ಕೊಂಡಿಗೆ ಸರಪಳಿ ಕಟ್ಟಿ ಎಳೀತಾರೆ. ಹಾಗೆ ಮಾಡಿದರೆ ಮೂತಿ ಮೇಲೆದ್ದು ಟ್ರಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಪಿನ್ನಿಗೆ ಲಾಕ್ ಇರಲಿ, ಜೊತೆಗೆ ಒಂದು ಸರಪಳಿಯೂ ಇರಲಿ.

ಎಂಜಿನ್ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಿಗ್ಗೆ ಹೋಗಿ, ‘ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿಟ್ಟು, ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಾಗಿ ಕಾಯಿಸಿಟ್ಟಿದ್ದಾರೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ನೀರು ಸೇರಿದೆ.

ಕಾಗದಪತ್ರ

ಟ್ರಾಕ್ಟರಿಗೆ ಒಂದು ನಂಬರು, ಟ್ರೇಲರಿಗೆ ಬೇರೆ ನಂಬರು. ಎರಡಕ್ಕೂ ನೋಂದಣಿ ಬೇಕು, ವಿಮೆಯಲ್ಲಿ ಎರಡೂ ಬರೆದಿರಬೇಕು. ಕೃಷಿ ಟ್ರಾಕ್ಟರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದು ಮುಗಿದ ಗಾಡಿಯಾದರೆ ಆ ಖರ್ಚು, ಓಡಾಟ ಹಿಡಿದು ಬೆಲೆ ಇಳಿಸಿ. ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿ, ವಿಮೆಯ ವಿವರ ಸಿಗುತ್ತದೆ, ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ನೋಡ್ತಾರೆ. ಸಾಲದ ಗಾಡಿಯಾದರೆ ಫಾರಂ 35 ಸಹಿ ಆಗದೆ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30.

ನಮಗೆ ತಮಿಳುನಾಡು ಗಡಿ ಅತ್ತಿಬೆಲೆ ದಾಟಿದರೆ ಸಿಕ್ತು. ಹೊಸೂರಿನ ಟಿಎನ್ 70 ಗಾಡಿಗಳು ಕೆಲವು ಸಲ ಅಗ್ಗವಾಗಿ ಸಿಗುತ್ತವೆ. ಆದರೆ ಅಲ್ಲಿಂದ ಎನ್‌ಒಸಿ, ಅಂದರೆ ಫಾರಂ 28, ತರಬೇಕು. ಇಲ್ಲಿ ಹೊಸದಾಗಿ ನೋಂದಾಯಿಸಬೇಕು. ತೆರಿಗೆ ಎಷ್ಟು ಬೀಳುತ್ತದೆ ಅಂತ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಆಸೆಯ ವಿಷಯ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿಲ್ಲದೆ, ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಬೇಕಾಗಿ ಬಂದಿತ್ತು. ‘ಟ್ರಾಕ್ಟರ್ ಇದ್ದರೆ ಅಪಾರ್ಟ್‌ಮೆಂಟಿಗೆ ನೀರು ಹೊಡೆದು ಒಂದೇ ಬೇಸಿಗೆಯಲ್ಲಿ ಸಾಲ ತೀರಿಸಬಹುದು’ ಅಂತ ನನಗೂ ಹೇಳಿದವರಿದ್ದಾರೆ. ಕೃಷಿಗೆಂದು ನೋಂದಾಯಿಸಿದ ಗಾಡಿಯಲ್ಲಿ ಬಾಡಿಗೆ ಹೊಡೆಯುವಾಗ ಅಪಘಾತವಾದರೆ ವಿಮೆ ಕಂಪನಿಗೆ ಕೈತೊಳೆದುಕೊಳ್ಳಲು ಅದೇ ಕಾರಣ ಸಿಕ್ಕಂತೆ. ಆಗ ಪರಿಹಾರ ನಮ್ಮ ಜಮೀನಿನಿಂದಲೇ ಹೋಗಬೇಕು. ಅರ್ಧ ತುಂಬಿದ ಟ್ಯಾಂಕರ್ ಇನ್ನೂ ಅಪಾಯ, ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗುತ್ತದೆ. ಒಳಗೆ ತಡೆತಗಡು ಇಲ್ಲದ ಟ್ಯಾಂಕರ್ ಕೊಳ್ಳಲೇಬೇಡಿ.

ಕೊನೆಗೆ ಕೊಂಡದ್ದು

ಎರಡನೇ ಸಲ ಆರು ಗಾಡಿ ನೋಡಿದೆ. ಅದರಲ್ಲಿ ಒಂದು ಎಚ್‌ಎಂಟಿ 3522. ಎಚ್‌ಎಂಟಿ 1953ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿ, ಟ್ರಾಕ್ಟರ್ ಮಾತ್ರ ಹರಿಯಾಣದ ಪಿಂಜೋರಿನಲ್ಲಿ ಮಾಡುತ್ತಿದ್ದರು. ಗಟ್ಟಿ ಗಾಡಿ, ಬೆಲೆಯೂ ಕಮ್ಮಿ, ಮನಸ್ಸು ಅಲ್ಲಿಯೇ ಇತ್ತು. ಆದರೆ ಕೇಂದ್ರ ಸರ್ಕಾರ 2016ರಲ್ಲಿ ಆ ಟ್ರಾಕ್ಟರ್ ವಿಭಾಗ ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಇಲ್ಲದ ಗಾಡಿಗೆ ಹತ್ತು ವರ್ಷ ಬಿಡಿಭಾಗ ಹುಡುಕುವ ತ್ರಾಣ ನನಗಿಲ್ಲ. ಬಿಟ್ಟೆ.

ಕೊಂಡದ್ದು ಆನೇಕಲ್ ಕಡೆಯ ಒಬ್ಬ ರೈತರ ಹಳೆ ಮಹೀಂದ್ರ 265. ಬಣ್ಣ ಹೋಗಿದೆ, ಸೀಟು ಹರಿದಿದೆ, ಸ್ವಲ್ಪ ಹೊಗೆಯೂ ಬರುತ್ತದೆ. ಆದರೆ ಪಿನ್ನಿನ ತೂತು ದುಂಡಗಿತ್ತು, ಇಳಿಜಾರಿನಲ್ಲಿ ಗೇರ್ ಬಿಡಲಿಲ್ಲ, ಬ್ರೇಕ್ ಎರಡೂ ಸಮ ಹಿಡಿದವು. ಎರಡು ಲಕ್ಷದ ಹತ್ತು ಸಾವಿರಕ್ಕೆ ಮುಗಿಯಿತು. ಉಳಿದ ನಲವತ್ತು ಸಾವಿರದಲ್ಲಿ ಮುಂದಿನ ಟೈರು, ಎರಡೂ ಕಡೆ ಆಯಿಲ್ ಸೀಲು, ಹೊಸ ಬ್ರೇಕ್ ಲೈನಿಂಗು, ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿಸಿದೆ. ಹುಲ್ಲಿನ ಲೋಡು ಸಂಜೆ ಸರ್ವಿಸ್ ರೋಡಿಗೆ ಬಂದರೆ ಐಟಿ ಹುಡುಗರ ಬೈಕಿಗೆ ಅದು ಕಾಣೋದೇ ಇಲ್ಲ.

ಗೋಡನ್ನು ಈಗ ಮುಕ್ಕಾಲು ಟ್ರೇಲರ್ ಮಾತ್ರ ತುಂಬುತ್ತೇನೆ. ಏರಿಯ ನೆತ್ತಿಯಲ್ಲಿ ನಿಲ್ಲಿಸಿ, ಎರಡನೇ ಗೇರಿಗೆ ಹಾಕಿಯೇ ಇಳಿಸುತ್ತೇನೆ, ನಡುವೆ ಕ್ಲಚ್ ಮುಟ್ಟೋದಿಲ್ಲ. ಅಕ್ಕನ ಮಗ ಈಗಲೂ ಗೋಡು ತುಂಬೋಕೆ ಬರ್ತಾನೆ, ಏರಿ ದಾಟುವಾಗ ಮಾತ್ರ ನಡೆದೇ ಬರ್ತಾನೆ.

ಟ್ರೇಲರಿಗೂ ಬ್ರೇಕ್ ಹಾಕಿಸಬೇಕು ಅಂತಿದೆ. ಇಲ್ಲಿನ ವರ್ಕ್‌ಶಾಪಿನವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹಳೆ ಎರಡು ಚಕ್ರದ ಟ್ರೇಲರಿಗೆ ಹಾಕಿಸಿ ಉಪಯೋಗಿಸಿದವರು ಓದುಗರಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ, ಎಷ್ಟು ಖರ್ಚಾಯಿತು ಅನ್ನೋದನ್ನೂ ಸೇರಿಸಿ.