ನಾಟಿಯ ದಿನಾಂಕ ಮತ್ತು ದೆಹಲಿಯ ಹೊಗೆ

ಸಮಸ್ಯೆಯೊಂದನ್ನು ಅದರ ಸುತ್ತ ಹೆಣೆದುಕೊಂಡ ಸಂಗತಿಗಳ ಜೊತೆಯಲ್ಲೇ ನೋಡುವ ವಿಧಾನಕ್ಕೆ ವ್ಯವಸ್ಥಾ ಚಿಂತನೆ ಎನ್ನುತ್ತಾರೆ. ಅದರ ಲೆಕ್ಕಾಚಾರದ ಶಾಖೆಯನ್ನು 1950ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಕಟ್ಟಿದವರು ಜೇ ಫಾರೆಸ್ಟರ್. ಎಷ್ಟು ಸಂಗ್ರಹವಿದೆ, ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಪರಿಣಾಮ ತಿರುಗಿ ಕಾರಣವನ್ನು ಹೇಗೆ ತಟ್ಟುತ್ತದೆ, ಎಷ್ಟು ತಡವಾಗಿ ತಟ್ಟುತ್ತದೆ ಎಂಬವು ಅಲ್ಲಿನ ಮೂಲಪ್ರಶ್ನೆಗಳು. ಇವನ್ನು ಬಿಟ್ಟು ರೂಪಿಸಿದ ನೀತಿ ಏನಾಗುತ್ತದೆ ಎಂಬುದಕ್ಕೆ ಪಂಜಾಬಿನ ಭತ್ತ ಒಳ್ಳೆಯ ಪಾಠ.

ಅಂತರ್ಜಲ ಒಂದು ಸಂಗ್ರಹ. ನೀರು ಕೆಳಗಿಳಿದಷ್ಟೂ ಎತ್ತಲು ಹೆಚ್ಚು ವಿದ್ಯುತ್ ಬೇಕು. ಬಿಲ್ ಏರಿದರೆ ರೈತ ತಾನಾಗಿಯೇ ಕೈ ಹಿಡಿಯುತ್ತಾನೆ. ವ್ಯವಸ್ಥೆಯೊಳಗೇ ಇದ್ದ ಈ ತಡೆಯನ್ನು 1997ರಲ್ಲಿ ಬಂದ ಉಚಿತ ವಿದ್ಯುತ್ ಕಿತ್ತುಹಾಕಿತು. ಬಾವಿ ಆಳಗೊಳಿಸುವ ಖರ್ಚು ಮಾತ್ರ ರೈತನ ತಲೆಗೇ ಉಳಿಯಿತು. ಅತ್ತ ಭತ್ತಕ್ಕೆ ಬೆಂಬಲ ಬೆಲೆಯ ಖಚಿತ ಖರೀದಿ ಇದ್ದೇ ಇತ್ತು. ಮಳೆಯಿಂದ ಇಂಗುವುದಕ್ಕಿಂತ ಮೇಲೆತ್ತುವ ನೀರೇ ಎಷ್ಟೋ ಹೆಚ್ಚಾಯಿತು.

2009ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು, ಜೂನ್ 10ಕ್ಕೆ ಮೊದಲು ಭತ್ತ ನಾಟಿ ಮಾಡುವಂತಿಲ್ಲ ಎಂದಿತು. ಸುಡುಬಿಸಿಲಿನಲ್ಲಿ ಗದ್ದೆಯ ನೀರು ಆವಿಯಾಗುವುದನ್ನು ತಪ್ಪಿಸಿ, ಬೆಳೆಯನ್ನು ಮುಂಗಾರಿನ ಹತ್ತಿರಕ್ಕೆ ತರುವುದು ಉದ್ದೇಶ. ನೀರಿನ ಮಟ್ಟಿಗೆ ತರ್ಕ ಸರಿಯಾಗಿಯೇ ಇತ್ತು. ಆದರೆ ನಾಟಿ ತಡವಾದರೆ ಕಟಾವೂ ತಡ. ಗೋಧಿ ಬಿತ್ತನೆ ಮಾತ್ರ ಕಾಯುವುದಿಲ್ಲ, ನವೆಂಬರ್ ಮಧ್ಯ ದಾಟಿದರೆ ಇಳುವರಿ ಕುಸಿಯುತ್ತದೆ. ಎರಡರ ನಡುವೆ ಉಳಿಯುವುದು ಎರಡು ಮೂರು ವಾರ. ಕಂಬೈನ್ ಹಾರ್ವೆಸ್ಟರ್ ತೆನೆ ಕೊಯ್ದು ಕೂಳೆಯನ್ನು ನೆಟ್ಟಗೆ ನಿಲ್ಲಿಸಿ ಹೋಗುತ್ತದೆ. ಅಷ್ಟು ಕಡಿಮೆ ದಿನದಲ್ಲಿ ಹೊಲ ತೆರವುಗೊಳಿಸುವ ಅಗ್ಗದ ದಾರಿ ಬೆಂಕಿಪೊಟ್ಟಣ.

ಕೂಳೆ ಸುಡುವುದು ಮೊದಲೂ ಇತ್ತು. ಹೊಸದೆಂದರೆ ಅದರ ಭರಾಟೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳಿಗೆ ಜರುಗಿದ್ದು. ಆಗ ಗಾಳಿ ಮಂದವಾಗಿರುತ್ತದೆ. ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತು ಹೊಗೆಯನ್ನು ಮೇಲೇರಗೊಡುವುದಿಲ್ಲ. ವಾಯವ್ಯದಿಂದ ಬಂದ ಹೊಗೆ ದೆಹಲಿಯ ವಾಹನ, ಧೂಳು, ಕಾರ್ಖಾನೆಗಳ ಮಾಲಿನ್ಯದ ಜೊತೆ ಸೇರಿಕೊಳ್ಳುತ್ತದೆ. ಕಾನೂನು ಬರೆದವರು ದಡ್ಡರೇನಲ್ಲ. ಸಮಸ್ಯೆಯ ಗಡಿಯನ್ನು ಅವರು ಕೊಳವೆಬಾವಿಗೇ ನಿಲ್ಲಿಸಿದ್ದರು, ಅಷ್ಟೇ.

ಆಮೇಲಿನ ಪರಿಹಾರಗಳೆಲ್ಲ ಒಂದೇ ತೂಕದವಲ್ಲ. ದಂಡ ಹಾಕುವುದು ಕೊನೆಯ ಕೊಂಡಿಯನ್ನಷ್ಟೇ ಮುಟ್ಟುತ್ತದೆ. ಕೂಳೆಯ ನಡುವೆಯೇ ಗೋಧಿ ಬಿತ್ತುವ ‘ಹ್ಯಾಪಿ ಸೀಡರ್’ ಯಂತ್ರ ಸ್ವಲ್ಪ ಮೇಲಿನದು. ಲುಧಿಯಾನಾದ ಕೃಷಿ ವಿಶ್ವವಿದ್ಯಾಲಯದ ಪಿಆರ್ 126 ತಳಿ, ಹಳೆಯ ಪೂಸಾ 44ಕ್ಕಿಂತ ಸುಮಾರು ಒಂದು ತಿಂಗಳು ಮೊದಲೇ ಕೊಯ್ಲಿಗೆ ಬರುವುದರಿಂದ, ನೀರು ಮತ್ತು ಸಮಯ ಎರಡನ್ನೂ ಉಳಿಸುತ್ತದೆ. ವ್ಯವಸ್ಥಾ ಚಿಂತಕಿ ಡೊನೆಲ್ಲಾ ಮೆಡೋಸ್ ಅವರ ವಿಶ್ಲೇಷಣೆಯಂತೆ, ದರ ಮತ್ತು ದಂಡಗಳ ಅಂಕಿ ಬದಲಿಸುವುದಕ್ಕಿಂತ ವ್ಯವಸ್ಥೆಯ ನಿಯಮ, ಗುರಿಗಳನ್ನು ಬದಲಿಸುವುದರ ಪರಿಣಾಮ ದೊಡ್ಡದು. ಪಂಜಾಬಿನಲ್ಲಿ ಅಂಥ ನಿಯಮವೆಂದರೆ ಖರೀದಿ. ಮೆಕ್ಕೆಜೋಳಕ್ಕೂ ಬೆಂಬಲ ಬೆಲೆ ಘೋಷಣೆಯಾಗುತ್ತದೆ. ಆದರೆ ಭತ್ತ, ಗೋಧಿಗಳಂತೆ ಅದನ್ನು ಸರ್ಕಾರ ಮಂಡಿಯಲ್ಲಿ ನಿಂತು ರಾಶಿಗಟ್ಟಲೆ ಕೊಳ್ಳುವುದಿಲ್ಲ. ರೈತ ಭತ್ತ ಬಿಡದಿರುವುದಕ್ಕೆ ಇದೇ ದೊಡ್ಡ ಕಾರಣ.