ಹಿರಿಯರ ಭೇದಿ: ಕೇಳುವ ಮುನ್ನವೇ ನೀರು ಕೊಡಿರಿ

ಹಿಪ್ಪರಗಿಯ ಪರಿಸರದ ಜನರಿಗೆ ಕೃಷ್ಣೆಯ ಎರಡು ಮುಖಗಳೂ ಪರಿಚಿತ. 2005 ಹಾಗೂ 2019ರಲ್ಲಿ ಆಕೆ ಉಕ್ಕಿ ಹರಿದುದನ್ನು ಕಂಡವರೇ ಬೇಸಿಗೆಯಲ್ಲಿ ನೀರಿಗಾಗಿ ಹಂಬಲಿಸುತ್ತಾರೆ. ನೆರೆಯಿರಲಿ, ಬರವಿರಲಿ, ಕುಡಿಯುವ ನೀರು ಕೆಟ್ಟರೆ ಮನೆಗೆ ಭೇದಿ ಬರುವುದು. ಮಗುವಿಗೆ ಭೇದಿಯಾದರೆ ಮನೆಯೆಲ್ಲ ಎಚ್ಚರಗೊಳ್ಳುತ್ತದೆ. ಅಜ್ಜ-ಅಜ್ಜಿಯರಿಗಾದರೆ ವಯಸ್ಸಿನ ಗುಣವೆಂದು ಸುಮ್ಮನಾಗುತ್ತೇವೆ. ಅಪಾಯವಿರುವುದು ಈ ಉದಾಸೀನದಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಮನೆಯೊಂದರಲ್ಲಿ ವೃದ್ಧ ತಾಯಿಯೊಬ್ಬರು ಭೇದಿಯಿಂದ ಬಳಲುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿಯದೆ ಹನಿ ನೀರನ್ನೂ ಮುಟ್ಟದ ನೇಮ ಅವರದು. ಅಂದು ಏಳಲು ತ್ರಾಣವಿರಲಿಲ್ಲ. ಸೊಸೆ ನೀರು ತಂದಾಗಲೆಲ್ಲ ಬೇಡವೆಂದು ತಲೆಯಾಡಿಸಿದರು. ಮಧ್ಯಾಹ್ನ ನಾವು ಹೋದಾಗ ನಾಲಗೆ ಒಣಗಿ ಧ್ವನಿ ಕುಗ್ಗಿತ್ತು. ಕೈಮುಖ ಒರೆಸಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, "ತಾಯಿ, ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸಿರಿ" ಎಂದೆವು. ಅವರು ಗುಟುಕು ಗುಟುಕಾಗಿ ಕುಡಿದರು. ಮುಂದೆ ಆಸ್ಪತ್ರೆಯಲ್ಲಿ ಸಲೈನ್ ಏರಿಸಿದ ಮೇಲೆ ಚೇತರಿಸಿಕೊಂಡರು. ಪಂಚಸೂತಕಗಳನ್ನೇ ಒಪ್ಪದ ಧರ್ಮದಲ್ಲಿ ಹಾಸಿಗೆ ಹಿಡಿದವರ ನೀರಿಗೆ ಯಾವ ಅಡ್ಡಿ?

ವಯಸ್ಸಾದಂತೆ ದೇಹದಲ್ಲಿನ ನೀರಿನ ಅಂಶ ಕುಗ್ಗುತ್ತದೆ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿ ತಗ್ಗುತ್ತದೆ. ಬಾಯಾರಿಕೆಯ ಅರಿವೂ ಮಂಕಾಗುತ್ತದೆ. ಪದೇಪದೇ ಶೌಚಕ್ಕೆ ಏಳಿಸಿ ಮನೆಯವರಿಗೆ ತೊಂದರೆ ಕೊಡಬಾರದೆಂದು ಹಿರಿಯರು ನೀರನ್ನೇ ಕಡಿಮೆ ಮಾಡುವುದೂ ಉಂಟು. ಆದುದರಿಂದ ಅವರು ಕೇಳಲೆಂದು ಕಾಯಬಾರದು. ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆಯೂ ಮುಪ್ಪಿನಲ್ಲಿ ನಂಬಲರ್ಹವಲ್ಲ. ಒಣಗಿದ ನಾಲಗೆ, ಕಡುಬಣ್ಣದ ಅಲ್ಪ ಮೂತ್ರ, ಎದ್ದು ನಿಂತಾಗ ತಲೆಸುತ್ತು, ಹಠಾತ್ತಾಗಿ ಮಾತಿನಲ್ಲಿ ಗೊಂದಲ, ಇವೇ ಮುನ್ಸೂಚನೆಗಳು.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಾಲನಾಬಿಸ್ ಅವರು ಸಕ್ಕರೆ-ಉಪ್ಪಿನ ದ್ರಾವಣವನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಕರುಳು ಸಕ್ಕರೆಯೊಡನೆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುವುದೇ ಇದರ ಮರ್ಮ. ಓ.ಆರ್.ಎಸ್. ಪೊಟ್ಟಣದ ಮೇಲೆ ಸೂಚಿಸಿದಷ್ಟೇ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಆಗಾಗ ಗುಟುಕಾಗಿಯೂ ಪ್ರತಿ ಭೇದಿಯ ನಂತರ ಒಂದು ಲೋಟವೂ ಕುಡಿಸಬೇಕು. 24 ಗಂಟೆ ಕಳೆದರೆ ಉಳಿದುದನ್ನು ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಉಪ್ಪು ಹೆಚ್ಚಾದರೆ ಕೇಡು. ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನವನ್ನು ನಿಲ್ಲಿಸಬಾರದು.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಎಷ್ಟು ಕುಡಿಸಬೇಕು, ರಕ್ತದೊತ್ತಡದ, ಮೂತ್ರ ಹೆಚ್ಚಿಸುವ ಹಾಗೂ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮುಂದುವರಿಸಬೇಕೇ ಎಂಬುದನ್ನು ಅಂದೇ ವೈದ್ಯರಲ್ಲಿ ಕೇಳಬೇಕು. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮೂತ್ರವೇ ಇಲ್ಲದಿರುವುದು, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಮಂಪರಿನಲ್ಲಿರುವವರ ಬಾಯಿಗೆ ನೀರು ಹಾಕಬೇಡಿರಿ.

ದಾಸೋಹವೆಂದರೆ ಪಂಕ್ತಿಯಲ್ಲಿ ಉಣಬಡಿಸುವುದು ಮಾತ್ರವಲ್ಲ. ಮೂಲೆಯ ಹಾಸಿಗೆಯಲ್ಲಿ ಮಲಗಿರುವ ಹಿರಿಯರಿಗೆ ಅವರು ಕೇಳದಿದ್ದರೂ ಲೋಟ ಹಿಡಿದು ಹೋಗುವುದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.