214 ಕೋಟಿಯ ಒಂದು ಅವಿಭಾಜ್ಯ ಸಂಖ್ಯೆ ಮತ್ತು 2038ರ ಜನವರಿ

ನಾಗ್ಪುರದಿಂದ ವರ್ಧಾ ರಸ್ತೆ ಹಿಡಿದು ಬಂದರೆ ಬುಟಿಬೋರಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇಲ್ಲಿ ಯಂತ್ರಗಳ ನಡುವೆ ದುಡಿಯುವವರಿಗೂ, ಊರಲ್ಲಿ ಮನೆ ಸಾಲದ ಕಂತು ಕಟ್ಟುವವರಿಗೂ ಸಂಬಂಧಿಸಿದ ಒಂದು ಸಂಖ್ಯೆಯಿದೆ: 214,74,83,647.

31 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಈ ಸಂಖ್ಯೆ ಬರುತ್ತದೆ. ಇದು ಅವಿಭಾಜ್ಯ. ಅಂದರೆ 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಇಂಥವನ್ನು ಮರ್ಸೆನ್ ಅವಿಭಾಜ್ಯಗಳು ಎನ್ನುತ್ತಾರೆ. 31 ಅವಿಭಾಜ್ಯವಾದ್ದರಿಂದ ಇದೂ ತಾನಾಗಿ ಹಾಗಾಯಿತು ಎಂದುಕೊಳ್ಳಬೇಡಿ. 11 ಕೂಡ ಅವಿಭಾಜ್ಯವೇ. ಆದರೆ 11 ಎರಡುಗಳನ್ನು ಗುಣಿಸಿ 1 ಕಳೆದರೆ ಸಿಗುವ 2047, 23 ಮತ್ತು 89ರ ಗುಣಲಬ್ಧ.

ಹಾಗಾದರೆ ಪರೀಕ್ಷಿಸುವುದು ಹೇಗೆ? ವರ್ಗಮೂಲದವರೆಗೆ, ಅಂದರೆ ಸುಮಾರು 46,340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಗಣಿತಜ್ಞ ಆಯ್ಲರ್ ಈ ಕೆಲಸವನ್ನು ಕುಗ್ಗಿಸಿದರು. ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಆ ಮಿತಿಯೊಳಗೆ ಅಂಥ ಸಂಖ್ಯೆಗಳು ಸುಮಾರು 370 ಮಾತ್ರ. ಯಾವುದರಿಂದಲೂ ಭಾಗವಾಗಲಿಲ್ಲ. 1772ರ ಹೊತ್ತಿಗೆ, ಕಣ್ಣು ಬಹುತೇಕ ಕಾಣದಂತಾಗಿದ್ದ ಆಯ್ಲರ್ ಇದನ್ನು ಸಾಧಿಸಿದ್ದರು. ಮುಂದೆ 80ಕ್ಕೂ ಹೆಚ್ಚು ವರ್ಷ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು.

ಕಂಪ್ಯೂಟರಿಗೂ ಈ ಸಂಖ್ಯೆ ಚಿರಪರಿಚಿತ. 32 ಬಿಟ್‌ಗಳಲ್ಲಿ ಒಂದನ್ನು ಧನ, ಋಣ ಚಿಹ್ನೆಗೆ ಮೀಸಲಿಟ್ಟರೆ 31 ಉಳಿಯುತ್ತವೆ. ಅವೆಲ್ಲ 1 ಆದಾಗ ಸಿಗುವ ಗರಿಷ್ಠ ಸಂಖ್ಯೆ ಇದೇ. ಯುನಿಕ್ಸ್ ಪದ್ಧತಿಯ ಗಡಿಯಾರ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತದೆ. ಹಳೆಯ 32 ಬಿಟ್ ವ್ಯವಸ್ಥೆಗಳಲ್ಲಿ ಆ ಲೆಕ್ಕ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ ನಮ್ಮ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಗರಿಷ್ಠವನ್ನು ಮುಟ್ಟುತ್ತದೆ. ಮರುಕ್ಷಣ ಸಂಖ್ಯೆ ಋಣವಾಗಿ, ತಾರೀಖು 1901ರ ಡಿಸೆಂಬರಿಗೆ ಜಾರಬಹುದು.

ಇದಕ್ಕೆ ಕಾರಣ ಸಂಖ್ಯೆಯ ಅವಿಭಾಜ್ಯತೆಯಲ್ಲ, ನಾವು ಕೊಟ್ಟ ಜಾಗ ಸಾಲದಿರುವುದು. ಆಯ್ಲರ್ ಸಾಧಿಸಿದ್ದು ಎಂದೂ ಬದಲಾಗದು, ಆದರೆ 32 ಬಿಟ್‌ನ ಮಿತಿಯನ್ನು ಬದಲಾಯಿಸಬಹುದು. ಸಮಯವನ್ನು 64 ಬಿಟ್‌ನಲ್ಲಿ ಇಟ್ಟರೆ 29,000 ಕೋಟಿ ವರ್ಷಕ್ಕೂ ಮೀರಿ ಸಾಕಾಗುತ್ತದೆ. 2020ರಲ್ಲಿ ಬಂದ ಲಿನಕ್ಸ್ 5.6 ಕರ್ನೆಲ್, 32 ಬಿಟ್ ಯಂತ್ರಗಳಿಗೂ ಈ ದಾರಿ ತೆರೆಯಿತು.

ಮೊಬೈಲು, ಲ್ಯಾಪ್‌ಟಾಪನ್ನು ನಾವು ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತೇವೆ. ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆಗಳು ಹಾಗಲ್ಲ, ಒಮ್ಮೆ ಕೂರಿಸಿದರೆ 15-20 ವರ್ಷ ಓಡುತ್ತಲೇ ಇರುತ್ತವೆ. ಇನ್ನು 20 ವರ್ಷದ ಸಾಲದ ಕಂತಿನ ಪಟ್ಟಿ ಈಗಲೇ 2038ನ್ನು ದಾಟಿದೆ. ನೀವು ಇಂಥ ಕಡೆ ಕೆಲಸದಲ್ಲಿದ್ದರೆ, ಓಡುತ್ತಿರುವ ಯಂತ್ರದ ತಾರೀಖನ್ನು ಮಾತ್ರ ಮುಟ್ಟಬೇಡಿ. ಪರೀಕ್ಷೆಗೆಂದೇ ಇಟ್ಟ ಯಂತ್ರದಲ್ಲಿ 2038 ದಾಟಿಸಿ ನೋಡಿ. ಹೊಸದು ಕೊಳ್ಳುವಾಗ, 2038ರ ನಂತರವೂ ತಾರೀಖು ಸರಿಯಿರುತ್ತದೆ ಎಂದು ಮಾರುವವರಿಂದ ಬರೆಸಿಕೊಳ್ಳಿ.